ಡ್ರ್ಯಾಗನ್ ಮನೆಯ ಮೊದಲ ಕಂತು: ಮೆಚ್ಚಿದವರೆಷ್ಟು, ಮುನಿದವರೆಷ್ಟು!

2024ರ ಜೂನ್ 17, ಸೋಮವಾರ. ನಮ್ಮಲ್ಲಿ ಬಕ್ರೀದ್ ರಜೆ. ಅಮೆರಿಕದಲ್ಲಿ ಇನ್ನೂ ಭಾನುವಾರ ರಾತ್ರಿ, ಅದೂ ಅಪ್ಪಂದಿರ ದಿನ. ಎಚ್‌ಬಿಒದ ‘ಹೌಸ್ ಆಫ್ ದಿ ಡ್ರ್ಯಾಗನ್’ ಎರಡನೇ ಸೀಸನ್ನಿನ ಮೊದಲ ಕಂತು ಅಲ್ಲಿ ಪ್ರಸಾರವಾದಾಗ ಇಲ್ಲಿ ನಮಗೆ ಬೆಳಗಿನ ಕಾಫಿ ಹೊತ್ತು. ಜಿಯೊಸಿನಿಮಾ ಹಾಕಿಕೊಂಡು ಕೂತವರು ಒಂದು ಗಂಟೆ ಕಳೆದು ಎದ್ದಾಗ ಅರ್ಧ ಜನ ಮಾತಿಲ್ಲದೆ ಎದ್ದರು, ಇನ್ನರ್ಧ ಜನ ‘ಅಷ್ಟೇನಾ?’ ಅಂತ ಎದ್ದರು. ಒಂದೇ ಕಂತು ನೋಡಿ ಇಷ್ಟು ಬೇರೆ ಬೇರೆ ಮುಖ ಮಾಡಿಕೊಂಡು ಎದ್ದದ್ದು ಯಾಕೆ ಅನ್ನೋದೇ ಈ ಬರಹದ ವಿಷಯ.

ಇನ್ನೂ ನೋಡದೆ ಇದ್ದವರು, ಮುಂದೆ ನೋಡುವ ಆಸೆ ಇದ್ದವರು ಇಲ್ಲಿಗೇ ನಿಲ್ಲಿಸಿಬಿಡಿ. ಕಥೆ ಹೇಳದೆ ಈ ಮಾತು ಆಡೋಕೆ ಆಗಲ್ಲ.

ಹಿನ್ನೆಲೆ ಚುಟುಕಾಗಿ ಹೀಗಿದೆ. ‘ಗೇಮ್ ಆಫ್ ಥ್ರೋನ್ಸ್’ ಕಥೆಗಿಂತ ಸುಮಾರು ಇನ್ನೂರು ವರ್ಷ ಹಿಂದಿನ ಕಾಲ. ಡ್ರ್ಯಾಗನ್ ಸವಾರಿ ಮಾಡುವ ಟಾರ್ಗೇರಿಯನ್ ರಾಜವಂಶ. ರಾಜ ವಿಸೆರಿಸ್ ತನ್ನ ಮೊದಲ ಹೆಂಡತಿಯ ಮಗಳು ರೆನೀರಾಗೆ ಪಟ್ಟ ಅಂತ ಎಲ್ಲರ ಮುಂದೆ ಹೇಳಿದ್ದ. ಅವನು ಸತ್ತ ಮೇಲೆ ಎರಡನೇ ಹೆಂಡತಿ ಅಲಿಸೆಂಟ್ ಮತ್ತು ಅವಳ ಅಪ್ಪ ಸೇರಿ ಅಲಿಸೆಂಟಳ ಮಗ ಏಗಾನ್‌ಗೆ ಪಟ್ಟ ಕಟ್ಟಿದರು. ರೆನೀರಾ ಕಡೆಯವರು ಕಪ್ಪು ಬಣ, ಅಲಿಸೆಂಟ್ ಕಡೆಯವರು ಹಸಿರು ಬಣ. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ (2022ರ ಅಕ್ಟೋಬರ್) ಅಲಿಸೆಂಟಳ ಎರಡನೇ ಮಗ ಏಮಂಡ್ ತನ್ನ ದೈತ್ಯ ಡ್ರ್ಯಾಗನ್ ವೇಗಾರ್ ಮೇಲೆ ಕೂತು ರೆನೀರಾಳ ಹುಡುಗ ಲೂಸೆರಿಸ್‌ನನ್ನು ಮಳೆಗಾಳಿಯಲ್ಲಿ ಅಟ್ಟಿಸಿಕೊಂಡು ಹೋಗುತ್ತಾನೆ. ಹೆದರಿಸಬೇಕು ಅಂತ ಹೋದವನು. ಡ್ರ್ಯಾಗನ್ ಮಾತು ಕೇಳಲಿಲ್ಲ, ಹುಡುಗ ಸತ್ತ. ಸುದ್ದಿ ಕೇಳಿದ ತಾಯಿ ಕ್ಯಾಮೆರಾ ಕಡೆಗೆ ತಿರುಗಿ ನೋಡಿದ ನೋಟದಲ್ಲಿ ಸೀಸನ್ ಮುಗಿಯಿತು.

ಅಲ್ಲಿಂದ ಹೆಚ್ಚುಕಡಿಮೆ 20 ತಿಂಗಳು ಕಾಯಿಸಿದರು. ಕಾಯಿಸಿದ್ದೂ ಸುಮ್ಮನೆ ಅಲ್ಲ. ಕಪ್ಪು ಬಣಕ್ಕೊಂದು, ಹಸಿರು ಬಣಕ್ಕೊಂದು ಬೇರೆ ಬೇರೆ ಟ್ರೇಲರ್ ಬಿಟ್ಟರು. ನೀವು ಯಾವ ಕಡೆ ಅಂತ ಕೇಳಿದರು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ನೆತ್ತಿಗೆ ಗಾಳಿ ತುಂಬಿದ ವೇಗಾರ್ ಗೊಂಬೆಯನ್ನು ಸುತ್ತಿಸಿದರು. ಚುನಾವಣೆಗೂ ಇಷ್ಟು ಅಬ್ಬರ ಇರೋದಿಲ್ಲ ಬಿಡಿ. ಇಷ್ಟೆಲ್ಲ ಆದ ಮೇಲೆ ಜನ ಕೂತದ್ದು ಯುದ್ಧ ನೋಡೋಕೆ, ಆಕಾಶದಲ್ಲಿ ಬೆಂಕಿ ನೋಡೋಕೆ. ಸಿಕ್ಕಿದ್ದು ಶೋಕ, ಮೌನ, ಕೊನೆಯಲ್ಲಿ ಒಂದು ಮಲಗುವ ಕೋಣೆ.

ಮೊದಲ ದೂರು ಇಲ್ಲಿಂದಲೇ ಹುಟ್ಟಿದ್ದು. ‘ಏನೂ ಆಗಲೇ ಇಲ್ಲ, ಬರೀ ಮಾತು’ ಅನ್ನೋದು. ಎರಡನೆಯದು ಹೆಸರಿನ ದೂರು. ರೆನೀರಾ, ರೆನಿಸ್, ರೇನಾ ಬೇರೆ ಬೇರೆ ಹೆಂಗಸರು. ಜೇಸೆರಿಸ್ ಬೇರೆ, ಜೇಹೇರಿಸ್ ಬೇರೆ, ಜೇಹೇರಾ ಇನ್ನೂ ಬೇರೆ. ಏಗಾನ್ ಈ ಕಡೆ ಒಬ್ಬ, ಆ ಕಡೆ ಒಬ್ಬ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಿಂದ ಬಂದ ನಮಗೂ ಇದು ಕಷ್ಟ. 20 ತಿಂಗಳ ಹಿಂದೆ ನೋಡಿದ್ದನ್ನು ಮರೆತವರಿಗೆ ಮೊದಲ ಅರ್ಧ ಗಂಟೆ ‘ಇವನ್ಯಾರು, ಇವನ ಅಮ್ಮ ಯಾರು’ ಅಂತ ಕೇಳೋದರಲ್ಲೇ ಕಳೆಯಿತು. ಈ ಎರಡೂ ದೂರುಗಳಲ್ಲಿ ಸತ್ಯ ಇದೆ. ಆದರೆ ಇವು ಮುಖ್ಯ ಜಗಳ ಅಲ್ಲ.

ಮುಖ್ಯ ಜಗಳಕ್ಕೆ ಬರುವ ಮೊದಲು ಹೆಚ್ಚಿನವರು ಒಪ್ಪಿಕೊಂಡ ಒಂದು ವಿಷಯ ಹೇಳಲೇಬೇಕು. ರೆನೀರಾ ಪಾತ್ರದ ಎಮ್ಮಾ ಡಾರ್ಸಿ ಇಡೀ ಕಂತಿನಲ್ಲಿ ಆಡೋದು ಒಂದೇ ಒಂದು ವಾಕ್ಯ. ತನಗೆ ಏಮಂಡ್ ಬೇಕು ಅನ್ನುತ್ತಾಳೆ, ಅಷ್ಟೇ. ಅದಕ್ಕೆ ಮೊದಲು ಡ್ರ್ಯಾಗನ್ ಹತ್ತಿ ಕಡಲ ತೀರದಲ್ಲೆಲ್ಲ ಅಲೆಯುತ್ತಾಳೆ. ಮಗ ಸತ್ತ ಅನ್ನೋದು ಗೊತ್ತು, ಕಣ್ಣಾರೆ ಕಂಡಿಲ್ಲ. ಕೊನೆಗೆ ಬೆಸ್ತರ ಬಲೆಯಲ್ಲಿ ಡ್ರ್ಯಾಗನ್ ರೆಕ್ಕೆಯ ತುಂಡು, ಮಗನ ಬಟ್ಟೆ ಸಿಗುತ್ತೆ. ಕಡಲಿಗೆ ಹೋದವರು ವಾಪಸು ಬಾರದೆ ಇದ್ದ ಮನೆಗಳನ್ನು ನೋಡಿದವರಿಗೆ ಇದು ಹೊಸದಾಗಿ ಹೇಳಬೇಕಾದ ವಿಷಯ ಅಲ್ಲ. ಹೆಣ ಸಿಗದೆ ಅಳು ಪೂರ್ತಿ ಬರೋದಿಲ್ಲ. ಬಟ್ಟೆ ಎದೆಗೊತ್ತಿಕೊಂಡು ಅವಳು ಕುಸಿಯುವಾಗ ಮಾತು ಇಲ್ಲದಿರೋದೇ ಸರಿ ಅನ್ನಿಸಿತು ನನಗೆ. ಅಲ್ಲಿಂದ ಮುಂದೆ ಉತ್ತರ ದೇಶಕ್ಕೆ ಹೋಗಿದ್ದ ದೊಡ್ಡ ಮಗ ಜೇಸೆರಿಸ್ ಮನೆಗೆ ಬಂದು, ಹೋದ ಕೆಲಸದ ವರದಿ ಒಪ್ಪಿಸಲು ಶುರು ಮಾಡುತ್ತಾನೆ. ರಾಜಕುಮಾರನ ಗತ್ತಿನಲ್ಲೇ ಶುರು ಮಾಡಿದ ಮಾತು ಅರ್ಧಕ್ಕೆ ಗಂಟಲಲ್ಲಿ ಸಿಕ್ಕಿಕೊಂಡು ಅಮ್ಮನ ಹೆಗಲ ಮೇಲೆ ಬೀಳುತ್ತಾನೆ. ಈ ಸೀಸನ್ನನ್ನು ಬಾಯಿ ತುಂಬ ಬೈದವರೂ ಈ ದೃಶ್ಯವನ್ನು ಬೈದದ್ದು ನಾನು ಕೇಳಿಲ್ಲ.

ಈಗ ಆ ಕೋಣೆ. ಕಂತಿನ ಹೆಸರೇ ‘ಮಗನಿಗೆ ಬದಲು ಮಗ’ ಅನ್ನುವ ಅರ್ಥದ್ದು. ರೆನೀರಾಳ ಗಂಡ ಡೇಮನ್ ಶತ್ರುವಿನ ಅರಮನೆಗೆ ಇಬ್ಬರನ್ನು ದುಡ್ಡು ಕೊಟ್ಟು ಕಳಿಸುತ್ತಾನೆ. ಒಬ್ಬ ನಗರ ಕಾವಲು ಪಡೆಯವನು, ಇನ್ನೊಬ್ಬ ಅರಮನೆಯಲ್ಲಿ ಇಲಿ ಹಿಡಿಯುವವನು. ಕಥೆಯಲ್ಲಿ ಅವರಿಗೆ ಬ್ಲಡ್, ಚೀಸ್ ಅಂತಲೇ ಅಡ್ಡಹೆಸರು. ಏಮಂಡ್‌ನನ್ನು ಹುಡುಕಿ ಕೊಲ್ಲಬೇಕು ಅನ್ನೋದು ಅಪ್ಪಣೆ. ಅವನು ಸಿಗದಿದ್ದರೆ ಏನು ಮಾಡಬೇಕು ಅಂತ ಅವರು ಕೇಳುತ್ತಾರೆ. ಡೇಮನ್ ಏನು ಉತ್ತರ ಕೊಟ್ಟ ಅನ್ನೋದನ್ನು ನಮಗೆ ಕೇಳಿಸದೆ ದೃಶ್ಯ ಕತ್ತರಿಸಿದ್ದಾರೆ. ಅವರು ಅಲ್ಲಿ ಇಲ್ಲಿ ಅಲೆದು, ಏಮಂಡ್ ಸಿಗದೆ, ರಾಣಿ ಹೆಲೇನಾಳ ಕೋಣೆಗೆ ಬರುತ್ತಾರೆ. ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು, ನಿದ್ದೆಯಲ್ಲಿವೆ. ಯಾವುದು ಗಂಡು ಅಂತ ಅವರಿಗೆ ಗೊತ್ತಾಗುತ್ತಿಲ್ಲ. ಕುತ್ತಿಗೆಗೆ ಕತ್ತಿ ಹಿಡಿದು ತಾಯಿಯನ್ನೇ ಕೇಳುತ್ತಾರೆ. ಅವಳು ಕತ್ತಿನ ಸರ ಬಿಚ್ಚಿ ಕೊಡಲು ಹೋಗುತ್ತಾಳೆ. ಬೇಡ ಅನ್ನುತ್ತಾರೆ. ಕೊನೆಗೆ ಅವಳು ಬೆರಳು ತೋರಿಸೋದು ಮಗನ ಕಡೆಗೇ. ಆಮೇಲೆ ನಾವು ನೋಡೋದು ಅವಳ ಮುಖವನ್ನು, ಕೇಳೋದು ಆ ಸದ್ದನ್ನು. ಮಗಳನ್ನು ಎತ್ತಿಕೊಂಡು ಓಡುತ್ತಾಳೆ, ಅಮ್ಮನ ಕೋಣೆಗೆ. ಅಮ್ಮ ಅಲಿಸೆಂಟ್ ಅಲ್ಲಿ ಕ್ರಿಸ್ಟನ್ ಕೋಲ್ ಜೊತೆ ಹಾಸಿಗೆಯಲ್ಲಿದ್ದಾಳೆ. ಹುಡುಗನನ್ನು ಕೊಂದರು ಅಂತ ಹೆಲೇನಾ ಹೇಳುವಲ್ಲಿಗೆ ಕಂತು ಮುಗೀತು.

ಪುಸ್ತಕ ಓದಿರದ ನನ್ನ ಚಿಕ್ಕಮ್ಮನ ಮಗಳು, ಎರಡು ವರ್ಷದ ಮಗುವಿನ ತಾಯಿ, ಸದ್ದು ಶುರುವಾದ ಕೂಡಲೇ ಟಿವಿ ಆರಿಸಿದಳಂತೆ. ಮಾರನೇ ದಿನ ಫೋನ್ ಮಾಡಿ, ‘ಅಕ್ಕಾ, ಇದನ್ನ ಯಾಕೆ ತೋರಿಸಬೇಕಿತ್ತು?’ ಅಂತ ಸಿಟ್ಟಾದಳು. ಅದೇ ದಿನ ಆಫೀಸಿನಲ್ಲಿ ಪುಸ್ತಕವನ್ನು ಎರಡು ಸಲ ಓದಿದ ಹುಡುಗ ಒಬ್ಬ, ‘ಮೇಡಂ, ಏನೂ ತೋರಿಸಲೇ ಇಲ್ಲ, ಪೂರ್ತಿ ಸಪ್ಪೆ ಮಾಡಿಬಿಟ್ಟರು’ ಅಂತ ಅಷ್ಟೇ ಸಿಟ್ಟಿನಲ್ಲಿದ್ದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಹುಡುಗನ ಸಿಟ್ಟಿಗೆ ಕಾರಣ ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ‘ಫೈರ್ ಅಂಡ್ ಬ್ಲಡ್’. 2018ರಲ್ಲಿ ಬಂದ ಪುಸ್ತಕ. ಅದರಲ್ಲಿ ಹೆಲೇನಾಗೆ ಮೂರು ಮಕ್ಕಳು. ಆರು ವರ್ಷದ ಅವಳಿಗಳಾದ ಜೇಹೇರಿಸ್, ಜೇಹೇರಾ, ಅವರ ಜೊತೆಗೆ ಎರಡು ವರ್ಷದ ಮೇಲಾರ್. ಅಲ್ಲಿ ಕೊಲೆಗಾರರು ಅಜ್ಜಿಯ ಕೋಣೆಯಲ್ಲಿ ಅಜ್ಜಿಯ ಕೈಬಾಯಿ ಕಟ್ಟಿ ಕಾಯುತ್ತಾರೆ. ತಾಯಿ ಮಕ್ಕಳನ್ನು ಕರೆದುಕೊಂಡು ಬಂದಾಗ, ಇಬ್ಬರು ಗಂಡುಮಕ್ಕಳಲ್ಲಿ ಯಾರು ಸಾಯಬೇಕು ನೀನೇ ಹೇಳು ಅನ್ನುತ್ತಾರೆ. ನನ್ನನ್ನೇ ಕೊಲ್ಲಿ ಅಂತ ಅವಳು ಬೇಡುತ್ತಾಳೆ. ಒಪ್ಪೋದಿಲ್ಲ. ಹೇಳದಿದ್ದರೆ ಎಲ್ಲರನ್ನೂ ಕೊಲ್ಲುವ ಬೆದರಿಕೆ. ಕೊನೆಗೆ ಅವಳು ಚಿಕ್ಕವನ ಹೆಸರು ಹೇಳುತ್ತಾಳೆ. ಅದನ್ನು ಕೇಳಿಸಿಕೊಂಡ ಮೇಲೆ ಅವರು ಕೊಲ್ಲೋದು ದೊಡ್ಡವನನ್ನು. ನಿನ್ನ ಅಮ್ಮ ನೀನು ಸಾಯಲಿ ಅಂದಳು ಅಂತ ಆ ಚಿಕ್ಕ ಮಗುವಿಗೆ ಹೇಳಿ ಹೋಗುತ್ತಾರೆ. ಅವಳು ಮುಂದೆ ಬದುಕಿದಷ್ಟು ದಿನವೂ ಆ ಮಗುವಿನ ಮುಖ ನೋಡಲಾರದವಳಾಗುತ್ತಾಳೆ.

ಸೀರಿಯಲ್ಲಿನಲ್ಲಿ ಮೇಲಾರ್ ಅನ್ನುವ ಮಗುವೇ ಇಲ್ಲ. ಮಗು ಇಲ್ಲ ಅಂದ ಮೇಲೆ ಆಯ್ಕೆ ಇಲ್ಲ, ಆಯ್ಕೆ ಇಲ್ಲ ಅಂದ ಮೇಲೆ ಆ ಪಾಪಪ್ರಜ್ಞೆಯೂ ಇಲ್ಲ. ಓದಿದವರು ವರ್ಷಗಟ್ಟಲೆ ‘ರೆಡ್ ವೆಡ್ಡಿಂಗ್’ ತರಹದ ಇನ್ನೊಂದು ಆಘಾತ ಇದೆ ಕಾಯಿರಿ ಅಂತ ಓದದವರನ್ನು ಹೆದರಿಸಿಟ್ಟಿದ್ದರು. ಆ 2013ರ ಕಂತಿನಲ್ಲಿ ಬಸುರಿಯ ಹೊಟ್ಟೆಗೆ ಇರಿಯೋದನ್ನು ಎದುರಿಗೇ ತೋರಿಸಿದ್ದರು. ಅದರ ಪಕ್ಕದಲ್ಲಿ ಇಟ್ಟರೆ ಇದು ಮೆತ್ತಗೆ ಕಂಡದ್ದು ಸಹಜ.

ನನ್ನ ಅಭಿಪ್ರಾಯ ಕೇಳಿದರೆ, ರಕ್ತ ತೋರಿಸಲಿಲ್ಲ ಅನ್ನುವ ದೂರಿನಲ್ಲಿ ಹುರುಳಿಲ್ಲ. ಆಯ್ಕೆ ತೆಗೆದರು ಅನ್ನುವ ದೂರಿನಲ್ಲಿ ಇದೆ. ಜನ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಗೊಂದಲ ಮಾಡಿಕೊಂಡರು.

ರಂಗದ ಮೇಲೆ ಸಾವನ್ನು ತೋರಿಸಬಾರದು ಅನ್ನೋದು ನಮ್ಮ ನಾಟ್ಯಶಾಸ್ತ್ರದ ಹಳೆಯ ಕಟ್ಟಳೆ. ಅದನ್ನು ಮೀರಿ ದುರ್ಯೋಧನನ ಸಾವನ್ನು ರಂಗದ ಮೇಲೇ ತಂದ ಭಾಸನ ‘ಊರುಭಂಗ’ವನ್ನು ಇವತ್ತಿಗೂ ವಿಶೇಷ ಅಂತ ಹೇಳುತ್ತೇವಲ್ಲ, ಆ ಕಟ್ಟಳೆ ಅಷ್ಟು ಗಟ್ಟಿ ಇತ್ತು ಅಂತ ತಾನೆ ಅರ್ಥ? ಕತ್ತಿಯನ್ನು ತೋರಿಸದೆ ನೋಡುವವರ ಎದೆಗೆ ತಾಗಿಸೋದು ಹೇಡಿತನ ಅಲ್ಲ. ಈ ಕಂತನ್ನು ನಿರ್ದೇಶಿಸಿದ ಅಲನ್ ಟೇಲರ್ 2011ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ನೆಡ್ ಸ್ಟಾರ್ಕ್ ತಲೆ ಕಡಿಯುವ ಕಂತನ್ನೂ ನಿರ್ದೇಶಿಸಿದವರು. ಅಲ್ಲೂ ನಮ್ಮ ಮನಸ್ಸಿನಲ್ಲಿ ಉಳಿದದ್ದು ಗುಂಪಿನ ನಡುವೆ ನಿಂತ ಪುಟ್ಟ ಆರ್ಯಾ. ಇಲ್ಲಿ ಹೆಲೇನಾ ಪಾತ್ರದ ಫಿಯಾ ಸಬಾನ್ ಕಿರುಚೋದೇ ಇಲ್ಲ. ನಡೆಯೋದು ಮುಂಚೆಯೇ ಗೊತ್ತಿತ್ತೇನೋ ಅನ್ನುವ ಹಾಗೆ ನೋಡುತ್ತಾಳೆ. ಅದೇ ಕಂತಿನ ಮೊದಲ ಭಾಗದಲ್ಲಿ ಗಂಡ ಏಗಾನ್, ಡ್ರ್ಯಾಗನ್‌ಗಳ ಭಯವಾ ಅಂತ ಕೇಳಿದಾಗ, ಅಲ್ಲ, ಇಲಿಗಳ ಭಯ ಅಂದಿರುತ್ತಾಳೆ. ಆಗ ನಕ್ಕವರು ಕೊನೆಯಲ್ಲಿ ಇಲಿ ಹಿಡಿಯುವವನನ್ನು ನೋಡಿ ಬೆಚ್ಚಿದರು.

ಇನ್ನೊಂದನ್ನೂ ಗಮನಿಸಬೇಕು. ಸಾಯುವ ಹುಡುಗನನ್ನು ಕಂತಿನ ಮೊದಲಲ್ಲೇ ನಮಗೆ ಪರಿಚಯ ಮಾಡಿಸಿದ್ದಾರೆ. ಅಪ್ಪ ಏಗಾನ್ ಅವನನ್ನು ಮಂತ್ರಿಗಳ ಸಭೆಗೇ ಕರೆತರುತ್ತಾನೆ. ಅವನು ಅಲ್ಲಿ ಗಲಾಟೆ ಮಾಡುತ್ತಾನೆ. ಮಗನನ್ನು ಬೆನ್ನ ಮೇಲೆ ಕೂರಿಸಿಕೊಂಡು ಕುದುರೆ ಆಟ ಆಡಿಸು ಅಂತ ಏಗಾನ್ ಒಬ್ಬ ಮಂತ್ರಿಗೆ ಹೇಳುತ್ತಾನೆ. ಮೊದಲ ಸೀಸನ್ನಿನಲ್ಲಿ ಕೆಟ್ಟವನಾಗಿಯೇ ಕಂಡ ಏಗಾನ್ ಇಲ್ಲಿ ಮಗನನ್ನು ಕಂಡರೆ ಜೀವ ಬಿಡುವ ಅಪ್ಪ. ಯುದ್ಧ ಎಲ್ಲಿ ಅಂತ ಮೂಗು ಮುರಿದವರು ಈ ಹತ್ತು ನಿಮಿಷವನ್ನು ಬೇಸರ ಅಂದರು. ನನಗೆ ಕಂತಿನ ಅತ್ಯಂತ ಜಾಣ ಭಾಗ ಇದೇ. ಗುರುತು ಇಲ್ಲದ ಮಗು ಸತ್ತರೆ ಅದು ಸುದ್ದಿ ಮಾತ್ರ ಆಗುತ್ತಿತ್ತು.

ಹಾಗಾದರೆ ತಪ್ಪಿದ್ದು ಎಲ್ಲಿ? ಆಯ್ಕೆಯಲ್ಲಿ. ಸೀರಿಯಲ್ಲಿನ ಹೆಲೇನಾಗೆ ಕೇಳಿದ ಪ್ರಶ್ನೆಗೆ ಉತ್ತರ ಒಂದೇ. ಯಾವುದು ಗಂಡು ಅನ್ನೋದು ಬಟ್ಟೆ ಸರಿಸಿದರೆ ತಿಳಿಯುವ ವಿಷಯ, ಅವಳು ಹೇಳದಿದ್ದರೂ ಅದು ತಿಳಿಯುತ್ತಿತ್ತು. ಪುಸ್ತಕದಲ್ಲಿ ಅವಳಿಗೆ ಕೇಳಿದ್ದಕ್ಕೆ ಸರಿಯಾದ ಉತ್ತರವೇ ಇಲ್ಲ. ಅಲ್ಲಿ ಕೊಲ್ಲೋದು ಒಂದು ಮಗುವನ್ನು, ಹಾಳಾಗೋದು ತಾಯಿ ಮತ್ತು ಇನ್ನೊಂದು ಮಗು. ಈ ಕ್ರೌರ್ಯಕ್ಕೆ ಒಂದು ಹನಿ ರಕ್ತ ತೋರಿಸುವ ಅಗತ್ಯವೂ ಇರಲಿಲ್ಲ.

ಓದುಗರ ಈ ದೂರನ್ನು ಅಭಿಮಾನಿಗಳ ಗೊಣಗಾಟ ಅಂತ ತಳ್ಳಿಹಾಕುತ್ತಿದ್ದವರ ಬಾಯಿ ಮುಚ್ಚಿಸಿದ್ದು ಸ್ವತಃ ಮಾರ್ಟಿನ್. ಸೀಸನ್ ಮುಗಿದ ಮೇಲೆ, 2024ರ ಸೆಪ್ಟೆಂಬರ್ ಆರಂಭದಲ್ಲಿ, ಅವರು ತಮ್ಮ ತಾಣದಲ್ಲಿ ಉದ್ದದ ಒಂದು ಬರಹ ಹಾಕಿದರು. ಎರಡು ವರ್ಷದ ಕೂಸನ್ನು ಇಟ್ಟುಕೊಂಡು ಚಿತ್ರೀಕರಣ ಮಾಡೋದು ನಿಧಾನ, ಖರ್ಚೂ ಹೆಚ್ಚು ಅನ್ನುವ ಕಾರಣ ಕೊಟ್ಟು ಸೀರಿಯಲ್ಲಿನ ಮುಖ್ಯಸ್ಥ ರಯಾನ್ ಕಾಂಡಲ್ ಮೇಲಾರ್‌ನನ್ನು ಬಿಟ್ಟರು, ತಾನು ವಾದಿಸಿದೆ, ಆಮೇಲೆ ಒಪ್ಪಿದೆ ಅನ್ನುವ ಅರ್ಥದಲ್ಲಿ ಬರೆದರು. ತನ್ನ ಜೀವ ತೆಗೆದುಕೊಳ್ಳಿ ಅನ್ನುವ ತಾಯಿಗೂ ಸರ ಬಿಚ್ಚಿ ಕೊಡುವ ತಾಯಿಗೂ ವ್ಯತ್ಯಾಸ ಇದೆ ಅನ್ನೋದು ಅವರ ಇನ್ನೊಂದು ಆಕ್ಷೇಪ. ಒಂದು ಚಿಕ್ಕ ಮಗುವನ್ನು ತೆಗೆದರೆ ಮುಂದಿನ ಎಷ್ಟು ಘಟನೆಗಳ ಬುಡ ಅಲುಗಾಡುತ್ತೆ ಅಂತಲೂ ವಿವರಿಸಿದರು. ಕೆಲವೇ ಗಂಟೆಗಳಲ್ಲಿ ಆ ಬರಹ ಮಾಯ. ಜುಲೈನಲ್ಲಿ ಇದೇ ಮಾರ್ಟಿನ್ ಮೊದಲೆರಡು ಕಂತುಗಳನ್ನು ಹೊಗಳಿ ಬರೆದಿದ್ದರು ಅನ್ನೋದನ್ನೂ ಮರೆಯಬಾರದು. ಬರೆದವರ ಮನಸ್ಸಿನಲ್ಲೇ ಎರಡು ಅಭಿಪ್ರಾಯ ಇದ್ದಾಗ ನೋಡುವವರದ್ದು ಇನ್ನೇನು!

ಕೂಸನ್ನು ಇಟ್ಟುಕೊಂಡು ಕೆಲಸ ಮಾಡೋದು ಕಷ್ಟ ಅನ್ನೋದು ಸುಳ್ಳಲ್ಲ. ಮನೆಯಲ್ಲಿ ಎರಡು ವರ್ಷದ ಮಗುವಿನ ಒಂದು ಫೋಟೊ ತೆಗೆಯಲು ಎಷ್ಟು ಹೊತ್ತು ಬೇಕು ಅಂತ ಎಲ್ಲರಿಗೂ ಗೊತ್ತು. ಕತ್ತಿ ಹಿಡಿದ ಇಬ್ಬರು ಗಂಡಸರ ನಡುವೆ ಅಂಥ ಮಗುವನ್ನು ನಿಲ್ಲಿಸಬೇಕಾ ಅನ್ನುವ ಪ್ರಶ್ನೆಯೂ ಇದೆ. ಪುಸ್ತಕದ ಪರವಾಗಿ ಕೂಗುವವರು ಇದನ್ನು ಸ್ವಲ್ಪ ಯೋಚಿಸಬೇಕು. ಜೊತೆಗೆ ‘ಫೈರ್ ಅಂಡ್ ಬ್ಲಡ್’ ನೇರ ಕಾದಂಬರಿ ಅಲ್ಲ. ಒಬ್ಬ ಪಂಡಿತ, ಎಷ್ಟೋ ವರ್ಷದ ನಂತರ, ಒಬ್ಬ ಪುರೋಹಿತನ ದಾಖಲೆ, ಒಬ್ಬ ಅರಮನೆ ವಿದೂಷಕನ ಪೋಲಿ ಕಥೆ ಹೀಗೆ ಒಂದಕ್ಕೊಂದು ತಾಳೆಯಾಗದ ಮೂಲಗಳನ್ನು ಇಟ್ಟುಕೊಂಡು ಬರೆದ ಇತಿಹಾಸ ಅನ್ನುವ ರೂಪದಲ್ಲಿದೆ. ನಿಜವಾಗಿ ನಡೆದದ್ದು ಹೀಗೆ ಅಂತ ಸೀರಿಯಲ್ ಹೇಳಿಕೊಳ್ಳಲು ಅದೇ ಜಾಗ ಬಿಟ್ಟುಕೊಟ್ಟಿದೆ. ಜಾಗ ಇದೆ ಅಂದ ಮಾತ್ರಕ್ಕೆ ಬಳಸಿದ್ದೆಲ್ಲ ಚೆನ್ನಾಗಿದೆ ಅಂತಲ್ಲ, ಅದು ಬೇರೆ ಮಾತು.

ಅಲಿಸೆಂಟ್ ವಿಷಯಕ್ಕೆ ಹೆಂಗಸರಲ್ಲೇ ಎರಡು ಪಕ್ಷ ಆಯಿತು. ಮೊಮ್ಮಗ ಸಾಯುವ ಹೊತ್ತಿಗೆ ಅಜ್ಜಿಯನ್ನು ಹಾಸಿಗೆಯಲ್ಲಿ ತೋರಿಸಿದ್ದು, ಅವಳೇ ಪಾಪ ಮಾಡಿದಳು ಅದಕ್ಕೇ ಹೀಗಾಯಿತು ಅನ್ನುವ ಧ್ವನಿ ಕೊಡುತ್ತೆ ಅಂತ ಒಂದು ಪಕ್ಷ. ಇಡೀ ಜನ್ಮ ಧರ್ಮ, ಮರ್ಯಾದೆ ಅಂತ ಬೇರೆಯವರನ್ನು ತೂಗಿದವಳಿಗೆ ಈ ದ್ವಂದ್ವ ಬರಲೇಬೇಕಿತ್ತು ಅಂತ ಇನ್ನೊಂದು ಪಕ್ಷ. ನಾನು ಮೊದಲ ಪಕ್ಷ. ರಾಜನ ಅಂಗರಕ್ಷಕರ ಮುಖ್ಯಸ್ಥನೇ ಕೋಲ್. ಬಾಗಿಲಲ್ಲಿ ಕಾವಲುಗಾರ ಯಾಕಿರಲಿಲ್ಲ ಅನ್ನುವ ಪ್ರಶ್ನೆಗೆ ಅವನು ಉತ್ತರ ಕೊಡಬೇಕು. ನಮ್ಮ ನೋಡುಗರೂ ಅಲಿಸೆಂಟಳನ್ನು ಬೈದಷ್ಟು ಅವನನ್ನು ಬೈಯಲಿಲ್ಲ. ಅದಿರಲಿ, ಸಿಂಹಾಸನ ಇರುವ ಅರಮನೆಯಲ್ಲಿ ಇಬ್ಬರು ಬೀದಿಯ ಜನ ದೀಪ ಹಿಡಿದು ರಾಣಿಯ ಕೋಣೆವರೆಗೆ ನಡೆದು ಹೋಗೋದು ನಂಬೋಕೆ ಕಷ್ಟವೇ. ಇಲಿ ಹಿಡಿಯುವವನನ್ನು ಯಾರೂ ತಲೆಯೆತ್ತಿ ನೋಡೋದಿಲ್ಲ ಅನ್ನುವ ಅಂಶ ಮಾತ್ರ ನಂಬಬಹುದಾದದ್ದು. ದಿನಾ ಮನೆಗೆ ಬಂದುಹೋಗುವ ಕೆಲಸದವರ ಮುಖ ನಾವು ಎಷ್ಟು ನೋಡಿರುತ್ತೇವೆ?

ಕಥೆ ಮುಗಿದ ಮೇಲೆ ನನ್ನ ತಲೆಯಲ್ಲಿ ಓಡಿದ್ದು ಮಹಾಭಾರತದ ಸೌಪ್ತಿಕ ಪರ್ವ. ಅಶ್ವತ್ಥಾಮ ಅಪ್ಪನ ಸಾವಿಗೆ ಸೇಡು ಅಂತ ನಡುರಾತ್ರಿ ಬಿಡಾರಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ. ಪಾಂಡವರು ಅಲ್ಲಿ ಇರಲಿಲ್ಲ. ಸತ್ತದ್ದು ದ್ರೌಪದಿಯ ಐದು ಮಕ್ಕಳು. ಏಮಂಡ್ ಸಿಗದೆ ಮಗು ಸಿಕ್ಕ ಹಾಗೇ. ಭಾಗವತದಲ್ಲಿ ಅರ್ಜುನ ಅವನನ್ನು ಹಿಡಿದು ತಂದು ಎದುರಿಗೆ ನಿಲ್ಲಿಸಿದಾಗ ದ್ರೌಪದಿ, ಬಿಟ್ಟುಬಿಡಿ, ನಾನು ಅತ್ತ ಹಾಗೆ ಇವನ ತಾಯಿ ಅಳಬಾರದು ಅನ್ನುತ್ತಾಳೆ. ರೆನೀರಾ ಕೂಡ ತಾಯಿ. ಅವಳ ಬಾಯಿಂದ ಬಂದ ಒಂದೇ ವಾಕ್ಯ ಬೇರೆ ತರಹದ್ದು. ಅವಳು ಕೇಳಿದ್ದು ಕೊಂದವನನ್ನು, ಮಗುವನ್ನಲ್ಲ ಅನ್ನುವ ವಾದವನ್ನು ಕಪ್ಪು ಬಣದವರು ಇವತ್ತಿಗೂ ಬಿಟ್ಟಿಲ್ಲ. ಡೇಮನ್ ಕೊಟ್ಟ ಉತ್ತರವನ್ನು ನಮಗೆ ಕೇಳಿಸದೆ ಕತ್ತರಿಸಿದ್ದು ಇದಕ್ಕೇ ಇರಬೇಕು. ಬಣ ಕಟ್ಟಿಕೊಂಡ ನೋಡುಗರು ತಮ್ಮ ಕಡೆಯವರ ಕೈ ತೊಳೆಯಲಿ ಅಂತ ನೀರು ಇಟ್ಟಂತಿದೆ ಆ ಕತ್ತರಿ.

ಸಂಖ್ಯೆಯ ಲೆಕ್ಕದಲ್ಲೂ ಮಿಶ್ರ ಫಲವೇ. ಅಮೆರಿಕದಲ್ಲಿ ಮೊದಲ ರಾತ್ರಿ ಸುಮಾರು 78 ಲಕ್ಷ ಜನ ನೋಡಿದರು ಅಂತ ಎಚ್‌ಬಿಒ ಹೇಳಿತು. 2022ರ ಆಗಸ್ಟಿನಲ್ಲಿ ಮೊದಲ ಸೀಸನ್ ಶುರುವಾದಾಗ ಆ ಸಂಖ್ಯೆ ಒಂದು ಕೋಟಿಯ ಹತ್ತಿರ ಇತ್ತು. ಆ ಮೊದಲ ಕಂತಿನಲ್ಲೂ ಹೆರಿಗೆಯ ದೃಶ್ಯ ಒಂದಿತ್ತು, ಗಂಡುಮಗು ಉಳಿಯಲಿ ಅಂತ ರಾಣಿಯ ಹೊಟ್ಟೆ ಕೊಯ್ಯುವಂಥದ್ದು. ಆಗ ಬಂದ ದೂರು ಅತಿಯಾಗಿ ತೋರಿಸಿದರು ಅನ್ನೋದು. ಈ ಸಲ ಕಡಿಮೆ ತೋರಿಸಿದರು ಅನ್ನೋದು. ಸೀರಿಯಲ್ ಮಾಡುವವರ ಪಾಡು ನೋಡಿ!

ಮುಂದಿನ ವಾರ ಎರಡನೇ ಕಂತಿನಲ್ಲಿ ಆ ಮಗುವಿನ ಹೆಣವನ್ನು ಬೀದಿಯಲ್ಲಿ ಮೆರವಣಿಗೆ ಮಾಡಿ, ಹಿಂದಿನ ಗಾಡಿಯಲ್ಲಿ ಹೆಲೇನಾಳನ್ನು ಕೂರಿಸಿ, ಜನರ ಕನಿಕರವನ್ನು ರಾಜಕೀಯಕ್ಕೆ ಬಳಸಿದ ದೃಶ್ಯ ಬಂತು. ಸಪ್ಪೆ ಅಂದಿದ್ದ ಆಫೀಸಿನ ಹುಡುಗ ಅದನ್ನು ನೋಡಿ, ‘ಇದು ಪುಸ್ತಕದಲ್ಲಿ ಇರಲಿಲ್ಲ ಮೇಡಂ, ಆದ್ರೆ ಚೆನ್ನಾಗಿದೆ’ ಅಂದ. ಚಿಕ್ಕಮ್ಮನ ಮಗಳು ಮತ್ತೆ ನೋಡಲಿಲ್ಲ. ಅವಳು ಕೇಳಿದ್ದು ಒಂದೇ, ಆ ನಾಯಿ ಏನಾಯ್ತು ಅಂತ. ಇಲಿ ಹಿಡಿಯುವವನ ಜೊತೆ ಒಂದು ನಾಯಿ ಇತ್ತು, ಮೊದಲ ಕಂತಿನಲ್ಲಿ ಅವನು ಅದನ್ನು ಒದೆಯುತ್ತಾನೆ. ಮಗುವಿನ ಸಾವಿಗಿಂತ ಆ ಒದೆತಕ್ಕೆ ಹೆಚ್ಚು ಜನ ಸಿಟ್ಟಾದರು ಅಂತ ತಮಾಷೆ ಮಾಡಿದವರೂ ಇದ್ದರು. ಕೊಂದವನು ಯಾರು ಅಂತ ಗೊತ್ತಿಲ್ಲದೆ ಏಗಾನ್ ಅರಮನೆಯ ಇಲಿ ಹಿಡಿಯುವವರನ್ನೆಲ್ಲ ನೇಣಿಗೆ ಹಾಕಿಸಿದ, ಸಾಲಾಗಿ ತೂಗುತ್ತಿದ್ದ ಹೆಣಗಳ ನಡುವೆ ತನ್ನ ಯಜಮಾನನನ್ನು ಗುರುತು ಹಿಡಿದು ನಾಯಿ ಅವನ ಕೆಳಗೆ ಕೂತಿತ್ತು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉಳಿದವರು ಏನ್ ಮಾಡಿದ್ರಕ್ಕಾ ಪಾಪ?’ ಅಂದಳು.